ಒಂದು ಕಾರ್ಡ್ ಹಾಳು ಮಾಡಿ ನೋಡಿದೆ: ರೆಕುವಾ, ಫೋಟೊರೆಕ್, ಡಿಡಿರೆಸ್ಕ್ಯೂ

ಅಕ್ಕನ ಮಗಳ ನಾಟಕದ ದಿನ ಕ್ಯಾಮೆರಾದ ತಪ್ಪು ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡಿಬಿಟ್ಟೆ. ಜೇಬಿನಲ್ಲಿ ಎರಡು ಕಾರ್ಡ್ ಇದ್ದವು, ನೋಡಲು ಎರಡೂ ಒಂದೇ ಥರ. ಖಾಲಿ ಅಂದುಕೊಂಡು ಹಾಕಿದ್ದರಲ್ಲೇ ಮೊದಲ ಅಂಕದ ಫೋಟೊಗಳೆಲ್ಲ ಇದ್ದವು. ಗೊತ್ತಾಗುವಷ್ಟರಲ್ಲಿ ಅದರ ಮೇಲೆ ಇನ್ನೂ 11 ಫೋಟೊ ತೆಗೆದಾಗಿತ್ತು.

ಅವತ್ತು ಗಾಬರಿಯಲ್ಲಿ, ಹೋದ ಫೋಟೊ ವಾಪಸ್ ತರುವ, ಕೈಗೆ ಸಿಕ್ಕ ಟೂಲ್‌ಗಳನ್ನೆಲ್ಲ ಓಡಿಸಿದೆ. ತುಂಬಾ ಫೋಟೊ ವಾಪಸ್ ಬಂದವು, ಆದರೆ ಯಾವುದರಿಂದ ಏನು ಬಂತು ಅಂತ ತಿಳಿಯಲಿಲ್ಲ. ಆಮೇಲೆ ಒಂದು ದಿನ ಸಮಾಧಾನವಾಗಿ ಕುಳಿತು, ಹಳೆಯ 32 ಜಿಬಿ ಕಾರ್ಡ್ ಒಂದಕ್ಕೆ ಬೇಡದ ಫೋಟೊ ತುಂಬಿಸಿ, ಬೇಕಂತಲೇ ಹಾಳು ಮಾಡಿ ನೋಡಿದೆ. ಅಪಘಾತ ಬದಲಾದ ಹಾಗೆ ಗೆಲ್ಲುವ ಟೂಲೂ ಬದಲಾಯಿತು.

ಮೊದಲು ಸುಮ್ನೆ ಡಿಲೀಟ್ ಮಾಡಿದೆ. ಕ್ಯಾಮೆರಾದಲ್ಲೇ 20 ಫೋಟೊ ಅಳಿಸಿ ಕಾರ್ಡ್ ಹೊರತೆಗೆದೆ. ಇಲ್ಲಿ ರೆಕುವಾ ಸಲೀಸಾಗಿ ಗೆದ್ದಿತು. 32 ಜಿಬಿವರೆಗಿನ ಕಾರ್ಡ್‌ಗಳು ಸಾಮಾನ್ಯವಾಗಿ ಫ್ಯಾಟ್32, ಅದಕ್ಕಿಂತ ದೊಡ್ಡವು ಎಕ್ಸ್‌ಫ್ಯಾಟ್ (ಕಾರ್ಡ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಎರಡು ಪದ್ಧತಿಗಳು). ಎರಡರಲ್ಲೂ ಡಿಲೀಟ್ ಅಂದರೆ ಫೋಟೊವನ್ನು ಒರೆಸಿ ಹಾಕುವುದಲ್ಲ. ಫೈಲ್‌ಗಳ ಪಟ್ಟಿಯಲ್ಲಿ ಆ ಹೆಸರಿನ ಮುಂದೆ 'ಈ ಜಾಗ ಖಾಲಿ' ಅಂತ ಗುರುತು ಬೀಳುತ್ತದೆ, ಅಷ್ಟೇ. ಫ್ಯಾಟ್32ನಲ್ಲಿ ಹೆಸರಿನ ಮೊದಲ ಅಕ್ಷರ ಹೋಗುತ್ತದೆ, ಮಿಕ್ಕಿದ್ದು ಅಲ್ಲೇ ಇರುತ್ತದೆ. ರೆಕುವಾ ಓದುವುದು ಆ ಪಟ್ಟಿಯನ್ನೇ. ಹಾಗಾಗಿ ಹೆಸರು, ತಾರೀಖು, ಫೋಲ್ಡರ್ ಎಲ್ಲದರ ಜೊತೆ ಪಟಪಟನೆ ತೋರಿಸಿತು. ಹಸಿರು, ಹಳದಿ, ಕೆಂಪು ಚುಕ್ಕೆ ಇಟ್ಟು ಯಾವುದು ಉಳಿದಿದೆ ಅನ್ನುವ ಅಂದಾಜನ್ನೂ ಕೊಡುತ್ತದೆ. ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ ಅನ್ನುವುದೊಂದು ಮಿತಿ. ಮ್ಯಾಕ್, ಲಿನಕ್ಸ್ ಇದ್ದವರು ಈ ಕೆಲಸಕ್ಕೆ ಟೆಸ್ಟ್‌ಡಿಸ್ಕ್ ಅನ್ನುವ ಟೂಲ್ ನೋಡಬಹುದು.

ಅದೇ 20 ಫೋಟೊಗೆ ಫೋಟೊರೆಕ್ ಓಡಿಸಿದಾಗ ಕಾಯಬೇಕಾಯಿತು. ಅದು ಪಟ್ಟಿಯ ಕಡೆ ತಿರುಗಿಯೂ ನೋಡುವುದಿಲ್ಲ. ಕಾರ್ಡ್‌ನ ತುದಿಯಿಂದ ತುದಿಗೆ ಓದುತ್ತಾ ಫೈಲ್‌ಗಳ ಆರಂಭದ ಗುರುತು ಹುಡುಕುತ್ತದೆ. ಪ್ರತಿ ಜೆಪೆಗ್ ಫೋಟೊ ಎಫ್‌ಎಫ್ ಡಿ8 ಅನ್ನುವ ಎರಡು ಬೈಟ್‌ಗಳಿಂದಲೇ ಶುರುವಾಗುತ್ತದೆ. ಅದು ಕಂಡಲ್ಲಿಂದ ಎತ್ತಿಕೊಳ್ಳುತ್ತದೆ. ಫೋಟೊ ಸಿಕ್ಕವು, ಹೆಸರುಗಳು ಮಾತ್ರ ಎಫ್ ಅಕ್ಷರದ ಹಿಂದೆ ಉದ್ದುದ್ದ ಅಂಕಿ. ಇಷ್ಟು ಚಿಕ್ಕ ಅಪಘಾತಕ್ಕೆ ಇಷ್ಟು ದೊಡ್ಡ ಬಲೆ ಬೇಡ.

ಎರಡನೆಯ ಸುತ್ತು, ಕ್ಯಾಮೆರಾದಲ್ಲೇ ಫಾರ್ಮ್ಯಾಟ್. ಇಲ್ಲಿ ಆಟ ತಿರುಗಿತು. ಫಾರ್ಮ್ಯಾಟ್ ಆದ ಮೇಲೆ ಪಟ್ಟಿ ಹೊಸದು, ಹಳೆಯ ಹೆಸರು ಒಂದೂ ಇಲ್ಲ. ರೆಕುವಾದ ಮಾಮೂಲಿ ಹುಡುಕಾಟಕ್ಕೆ ಹಿಡಿಯಲು ಏನೂ ಇರಲಿಲ್ಲ. ಅದರಲ್ಲೂ ಡೀಪ್ ಸ್ಕ್ಯಾನ್ ಇದೆ, ಅದು ಫೋಟೊರೆಕ್ ಥರವೇ ಗುರುತು ಹುಡುಕುತ್ತದೆ. ನನ್ನ ಕಾರ್ಡ್‌ನಲ್ಲಿ ಜೆಪೆಗ್‌ಗಳ ಮಟ್ಟಿಗೆ ಎರಡೂ ಹೆಚ್ಚುಕಮ್ಮಿ ಸಮ. ರಾ ಫೈಲ್‌ಗಳಿಗೆ (ಕ್ಯಾಮೆರಾ ಸಂಸ್ಕರಿಸದೆ ಹಾಗೇ ಇಡುವ ಫೋಟೊ) ನಾನು ಫೋಟೊರೆಕ್ ಕಡೆಗೇ. ಎಷ್ಟೊಂದು ಬಗೆಯ ಫೈಲ್‌ಗಳ ಗುರುತು ಅದಕ್ಕೆ ಗೊತ್ತು, ಮೂರೂ ಸಿಸ್ಟಮ್‌ಗಳಲ್ಲಿ ಓಡುತ್ತದೆ, ಬಿಟ್ಟಿ, ಓಪನ್ ಸೋರ್ಸ್. ಕಾರ್ಡ್ ಮೇಲೆ ಏನನ್ನೂ ಬರೆಯುವುದಿಲ್ಲ ಅನ್ನುವುದು ನನಗೆ ಎಲ್ಲಕ್ಕಿಂತ ದೊಡ್ಡ ಸಮಾಧಾನ.

ನೋಡಲು ಮಾತ್ರ ಕಪ್ಪು ಪರದೆ, ಬಿಳಿ ಅಕ್ಷರ. ಮೊದಲ ಸಲ ನಾನೂ ಹೆದರಿದ್ದೆ. ಕ್ಯೂಫೋಟೊರೆಕ್ ಅಂತ ಬಟನ್ ಇರುವ ರೂಪವೂ ಅದರ ಜೊತೆಗೇ ಬರುತ್ತದೆ, ಅದನ್ನೇ ತೆರೆಯಿರಿ. ಸಿಕ್ಕ ಫೈಲ್‌ಗಳನ್ನು ಎಲ್ಲಿ ಇಡಬೇಕು ಅಂತ ಕೇಳಿದಾಗ ಕಂಪ್ಯೂಟರ್‌ನ ಫೋಲ್ಡರ್ ತೋರಿಸಬೇಕು. ಅದೇ ಕಾರ್ಡ್ ತೋರಿಸಿದಿರೋ, ಉಳಿದಿದ್ದ ಫೋಟೊಗಳ ಮೇಲೆ ನೀವೇ ಮಣ್ಣು ಎಳೆದ ಹಾಗೆ. ಕೊನೆಗೆ ಸಿಗುವುದು ಹೆಸರಿಲ್ಲದ ದೊಡ್ಡ ರಾಶಿ. ಟಿ ಅಕ್ಷರದಿಂದ ಶುರುವಾಗುವವು ಫೋಟೊ ಒಳಗಿನ ಪುಟಾಣಿ ಪ್ರತಿಗಳು, ಮೂಲ ಫೋಟೊ ಸಿಕ್ಕಿದ್ದರೆ ಅವನ್ನು ಬಿಸಾಡಬಹುದು. ಮಿಕ್ಕವನ್ನು ಎಕ್ಸಿಫ್‌ಟೂಲ್ ಅನ್ನುವ ಇನ್ನೊಂದು ಟೂಲ್‌ಗೆ ಕೊಟ್ಟರೆ, ಫೋಟೊ ಒಳಗಿರುವ ತಾರೀಖು, ಗಂಟೆ ನೋಡಿ ಹೆಸರಿಟ್ಟು ಸಾಲಾಗಿ ಜೋಡಿಸುತ್ತದೆ.

ವಿಡಿಯೊ ವಿಷಯಕ್ಕೆ ಆಸೆ ಇಟ್ಟುಕೊಳ್ಳಬೇಡಿ. ಅವು ದೊಡ್ಡವು, ಕಾರ್ಡ್‌ನಲ್ಲಿ ತುಂಡುತುಂಡಾಗಿ ಹರಡಿರಬಹುದು. ಗುರುತು ಹಿಡಿದು ಎತ್ತುವ ಟೂಲ್‌ಗೆ ತುಂಡು ಜೋಡಿಸುವುದು ಕಷ್ಟ. ನನಗೆ ಸಿಕ್ಕ ವಿಡಿಯೊಗಳಲ್ಲಿ ಅರ್ಧ ಓಡಲೇ ಇಲ್ಲ.

ಇನ್ನೊಂದು ಮಾತು. ಕೆಲವು ಕ್ಯಾಮೆರಾಗಳ ಮೆನುವಿನಲ್ಲಿ ಲೋ ಲೆವೆಲ್ ಫಾರ್ಮ್ಯಾಟ್ ಅಂತ ಇರುತ್ತದೆ, ಪಟ್ಟಿಯನ್ನಷ್ಟೇ ಅಲ್ಲ, ಇಡೀ ಕಾರ್ಡನ್ನೇ ಒರೆಸುವಂಥದ್ದು. ಅದನ್ನೂ ಮಾಡಿ ನೋಡಿದೆ. ಎರಡೂ ಟೂಲ್ ಬರಿಗೈ.

ಮೂರನೆಯ ಅಪಘಾತವನ್ನು ನಾನು ಮಾಡಲಿಲ್ಲ, ಕಾರ್ಡೇ ಮಾಡಿಕೊಂಡಿತು. ಇನ್ನೊಂದು ಹಳೆಯ ಮೈಕ್ರೊಎಸ್‌ಡಿ, ಓದಲು ಹೋದರೆ ನಡುನಡುವೆ ನಿಂತುಬಿಡುತ್ತಿತ್ತು. 'ಫಾರ್ಮ್ಯಾಟ್ ಮಾಡಬೇಕಾ' ಅಂತ ಕಂಪ್ಯೂಟರ್ ಕೇಳಿತು. ಬೇಡ ಅನ್ನಿ. 'ಸರಿಪಡಿಸಲೇ' ಅಂದರೂ ಬೇಡ ಅನ್ನಿ, ಸರಿಪಡಿಸುವುದೆಂದರೆ ಕಾರ್ಡ್ ಮೇಲೆ ಬರೆಯುವುದು. ಫೋಟೊರೆಕ್ ಅನ್ನು ನೇರವಾಗಿ ಕಾರ್ಡ್ ಮೇಲೆ ಓಡಿಸಿದರೆ ಹಾಳಾದ ಜಾಗಕ್ಕೆ ಬಂದು ಅಲ್ಲೇ ತಡವರಿಸುತ್ತಾ ಕೂತಿತು. ಆಗ ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಹಿಡಿದೆ. ಇದಕ್ಕೆ ಫೋಟೊ ಅಂದರೆ ಏನೂ ಗೊತ್ತಿಲ್ಲ. ಇಡೀ ಕಾರ್ಡನ್ನು ಒಂದು ಫೈಲ್ ಆಗಿ ನಕಲು ಮಾಡುವುದಷ್ಟೇ ಇದರ ಕೆಲಸ. ಚೆನ್ನಾಗಿರುವ ಜಾಗಗಳನ್ನೆಲ್ಲ ಮೊದಲು ಎತ್ತಿಕೊಂಡು, ಹಟ ಮಾಡುವ ಜಾಗಕ್ಕೆ ಕೊನೆಯಲ್ಲಿ ಬರುತ್ತದೆ. ಎಲ್ಲಿವರೆಗೆ ಬಂದೆ ಅಂತ ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ. ಹಾಗಾಗಿ ನಿಲ್ಲಿಸಿ ನಾಳೆ ಮುಂದುವರಿಸಬಹುದು. ಆಮೇಲೆ ಆ ನಕಲಿನ ಮೇಲೆ ಫೋಟೊರೆಕ್ ಓಡಿಸಿದೆ. ಈಗ ಕಾರ್ಡ್ ಒಳ್ಳೆಯದಿದ್ದರೂ ಮೊದಲು ನಕಲು ತೆಗೆದೇ ಮುಂದಿನ ಕೆಲಸ. ಕಾರ್ಡ್ ಕಂಪ್ಯೂಟರ್‌ಗೆ ಕಾಣುವುದೇ ಇಲ್ಲ, ಸೈಜ್ ಸೊನ್ನೆ ತೋರಿಸುತ್ತದೆ ಅಂದರೆ ಇವು ಯಾವುವೂ ಕೆಲಸಕ್ಕೆ ಬರುವುದಿಲ್ಲ. ಬೇರೆ ರೀಡರ್‌ನಲ್ಲಿ ಒಮ್ಮೆ ಹಾಕಿ ನೋಡಿ, ಅದಾದ ಮೇಲೆ ಹಾಳಾದ ಕಾರ್ಡ್‌ನಿಂದ ಫೈಲ್ ತೆಗೆದುಕೊಡುವ ಲ್ಯಾಬ್‌ನವರೇ ಗತಿ.

ಇನ್ನು ಹೀಗಾಗದ ಹಾಗೆ ನೋಡಿಕೊಳ್ಳುವುದು. ದೊಡ್ಡ ಕಾರ್ಡ್ ಒಂದಾ, ಚಿಕ್ಕವು ಎರಡಾ? ಎರಡನ್ನೂ ಮಾಡಿ ನೋಡಿದೆ. ಚಿಕ್ಕವಾದರೆ ಒಂದು ಸತ್ತರೂ ಅರ್ಧ ಉಳಿಯುತ್ತದೆ ಅನ್ನುತ್ತಾರೆ, ನಿಜ. ಆದರೆ ನನ್ನ ಅಪಘಾತ ಆಗಿದ್ದೇ ಕಾರ್ಡ್ ಅದಲುಬದಲಾಗಿ ಅಲ್ವಾ! ಎರಡು ಸ್ಲಾಟ್ ಇರುವ ಕ್ಯಾಮೆರಾದಲ್ಲಿ ಎರಡಕ್ಕೂ ಒಂದೇ ಫೋಟೊ ಬರೆಯುವ ಬ್ಯಾಕಪ್ ಸೆಟ್ಟಿಂಗ್ ನನಗೆ ಇವೆರಡಕ್ಕಿಂತ ಜಾಸ್ತಿ ಇಷ್ಟ. ಎಷ್ಟೋ ಕ್ಯಾಮೆರಾಗಳು ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ಹೋಗುವ ಹಾಗೆ ಇರುತ್ತವೆ, ಒಮ್ಮೆ ಮೆನು ನೋಡಿಕೊಳ್ಳಿ. ಒಂದೇ ಸ್ಲಾಟ್ ಇದ್ದರೆ ತುಂಬಿದ ಕಾರ್ಡ್‌ನ ಪಕ್ಕದ ಲಾಕ್ ಎಳೆದುಬಿಡಿ, ಕ್ಯಾಮೆರಾ ಅದನ್ನು ಫಾರ್ಮ್ಯಾಟ್ ಮಾಡುವುದಿಲ್ಲ.

ಹೊಸ ಕಾರ್ಡ್ ತಂದ ದಿನವೇ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಮ್ಯಾಕ್ ಅಥವಾ ಲಿನಕ್ಸ್‌ನಲ್ಲಿ ಎಫ್3 ಓಡಿಸುತ್ತೇನೆ. ಎರಡೂ ಕಾರ್ಡನ್ನು ಪೂರ್ತಿ ತುಂಬಿಸಿ ವಾಪಸ್ ಓದಿ ನೋಡುತ್ತವೆ. ಮೇಲೆ ಬರೆದಷ್ಟು ಜಾಗ ಒಳಗೆ ಇಲ್ಲದ ನಕಲಿ ಕಾರ್ಡ್‌ಗಳು ಅಲ್ಲೇ ಸಿಕ್ಕಿಬೀಳುತ್ತವೆ. ಇಲ್ಲದಿದ್ದರೆ ಅವು ಅರ್ಧ ತುಂಬುವವರೆಗೂ ಸಭ್ಯವಾಗಿಯೇ ಇರುತ್ತವೆ.

ಕ್ಯಾಮೆರಾದಲ್ಲಿ ಚೆನ್ನಾಗಿ ಬಾರದ ಫೋಟೊಗಳನ್ನು ಆಗಿಂದಾಗಲೇ ಒಂದೊಂದಾಗಿ ಅಳಿಸುವ ಚಟವನ್ನೂ ಬಿಟ್ಟೆ. ಅದಕ್ಕೆ ಕಾರಣ ನಾಟಕದ ಒಂದು ಫೋಟೊ. ಅವತ್ತು ನಡುನಡುವೆ ಅಳಿಸುತ್ತಾ ಹೋಗಿದ್ದೆ. ಕಾರ್ಡ್ ತುಂಬುತ್ತಾ ಬಂದಾಗ ಹೊಸ ಫೋಟೊಗಳು ಆ ಸಂದುಗಳಲ್ಲಿ ತುಂಡಾಗಿ ಕೂತಿದ್ದವು. ಹೀಗಾಗಿ ಒಂದು ಫೋಟೊದ ಮೇಲರ್ಧದಲ್ಲಿ ಕಿರೀಟ ಹಾಕಿಕೊಂಡ ಅಕ್ಕನ ಮಗಳು ಸರಿಯಾಗಿದ್ದಾಳೆ, ಕೆಳಗೆ ಬರೀ ಬೂದು ಬಣ್ಣ. ಅವಳು ಅದನ್ನೇ ಫೋನಿನ ವಾಲ್‌ಪೇಪರ್ ಮಾಡಿಕೊಂಡಿದ್ದಾಳೆ.