ಏರುಮಡಿಯೋ, ಗ್ರೋ ಬ್ಯಾಗೋ, ಪ್ಲಾಸ್ಟಿಕ್ ಚಪ್ಪರವೋ?

ಪತ್ತನಾಜೆಗೆ, ಅಂದರೆ ಮೇ 24ರ ಸುಮಾರಿಗೆ ಬರುವ ತುಳು ತಿಂಗಳು ಬೇಶದ ಹತ್ತನೇ ದಿನಕ್ಕೆ, ಹತ್ತು ಹನಿಯಾದರೂ ಮಳೆ ಬೀಳಬೇಕು ಅಂತ ನಮ್ಮ ತುಳುನಾಡಿನ ನಂಬಿಕೆ. ತರಕಾರಿ ಬೀಜ ಹಾಕುವವರ ಲೆಕ್ಕವೂ ಅದರ ಸುತ್ತಲೇ. ಈಗ ಆ ಲೆಕ್ಕ ಪ್ರತಿ ವರ್ಷ ನಿಲ್ಲುವುದಿಲ್ಲ. 2025ರಲ್ಲಿ ಮೇ 24ಕ್ಕೇ ಮುಂಗಾರು ಕೇರಳ ಮುಟ್ಟಿತು. 2023ರಲ್ಲಿ ಜೂನ್ 8 ಆಯಿತು, ಆಮೇಲೆ ಆಗಸ್ಟ್‌ನಲ್ಲಿ ದೇಶವೇ ಒಣಗಿತು. 1901ರಿಂದ ಈಚೆಗೆ ಅಷ್ಟು ಕಡಿಮೆ ಮಳೆಯ ಆಗಸ್ಟ್ ಇರಲಿಲ್ಲ.

ಹಾಗಾಗಿ ಉಡುಪಿಯ ನಮ್ಮ ಮನೆಯಲ್ಲಿ ಮೂರು ಕ್ರಮವನ್ನೂ ಜೊತೆಗೇ ಇಟ್ಟುಕೊಂಡು ನೋಡುತ್ತಿದ್ದೇನೆ: ಹಿತ್ತಲಲ್ಲಿ ಏರುಮಡಿ, ತಾರಸಿಯಲ್ಲಿ ಮಣ್ಣು ತುಂಬಿ ಗಿಡ ಬೆಳೆಸುವ ಚೀಲ (ಗ್ರೋ ಬ್ಯಾಗ್), ಬಾವಿ ಪಕ್ಕ ಪ್ಲಾಸ್ಟಿಕ್ ಶೀಟಿನ ಚಪ್ಪರ.

ಮಳೆಗಾಲಕ್ಕೆ ನನ್ನ ಮತ ಏರುಮಡಿಗೆ. ಒಂದು ಅಡಿ ಎತ್ತರ ಮಾಡಿ, ನಡುವೆ ನೀರು ಹರಿಯಲು ದಾರಿ ಬಿಟ್ಟರೆ ಜುಲೈಯ ಮಳೆಗೂ ಬೇರು ಉಸಿರಾಡುತ್ತದೆ. ಅಲಸಂಡೆ, ಹೀರೆ, ಮುಳ್ಳುಸೌತೆ, ಬೆಂಡೆ ಎಲ್ಲವೂ ಇಲ್ಲೇ ಚೆನ್ನ. ಮಳೆ ನಡುವೆ ಹತ್ತು ದಿನ ಕೈಕೊಟ್ಟರೂ ಒಳಗಿನ ತೇವ ಸಾಕಾಗುತ್ತದೆ. ಗ್ರೋ ಬ್ಯಾಗಿಗೆ ಆ ತಾಳ್ಮೆ ಇಲ್ಲ. ಎರಡು ದಿನ ಬಿಸಿಲು ಬಿದ್ದರೆ ಮಳೆಗಾಲದಲ್ಲೂ ನೀರು ಹೊರಬೇಕು.

ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ) ಮಣ್ಣು ಮಾತ್ರ ಹುಳಿ, ಅಂದರೆ ಆಮ್ಲೀಯ. ಬಿತ್ತುವ ಎರಡು ವಾರ ಮೊದಲು ಸುಣ್ಣ ಹಾಕಿ ಕೊಚ್ಚಬೇಕು. ಹಟ್ಟಿಗೊಬ್ಬರವನ್ನು ಅದರ ಜೊತೆಗೇ ಸೇರಿಸಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ. ಗೊಬ್ಬರ ಆಮೇಲೆ. ಸುಡುಮಣ್ಣು (ತರಗೆಲೆ, ಕಸಕಡ್ಡಿ ಜೊತೆ ಸುಟ್ಟ ಮಣ್ಣು) ಸಿಕ್ಕರೆ ಬುಡಕ್ಕೆ ಕೊಡಿ. ಅದರ ಗುಣ ಬಸಳೆಯ ಎಲೆಯಲ್ಲೇ ಕಾಣುತ್ತದೆ.

ಟೊಮೆಟೊ ವಿಷಯಕ್ಕೆ ಬಂದರೆ ಏರುಮಡಿ ಸೋಲುತ್ತದೆ, ಅದೂ ಪೂರ್ತಿ. ಹಸಿರಾಗಿರುವ ಗಿಡವೇ ಜೋತುಬಿದ್ದು ಎರಡು ಮೂರು ದಿನದಲ್ಲಿ ಸಾಯುತ್ತದೆ, ಎಲೆ ಹಳದಿಯಾಗುವಷ್ಟೂ ಪುರುಸೊತ್ತು ಕೊಡುವುದಿಲ್ಲ. ಇದು ಬ್ಯಾಕ್ಟೀರಿಯಾದ ಸೊರಗು ರೋಗ. ಸಂಶಯ ಇದ್ದರೆ ಬುಡದ ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿ ನೀರಿನಲ್ಲಿ ಅದರ ತುದಿ ಮುಳುಗಿಸಿ ಹಿಡಿಯಿರಿ. ಬಿಳಿ ನೂಲಿನ ಹಾಗೆ ಇಳಿದರೆ ಅದೇ. ಒಮ್ಮೆ ಬಂದ ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಬದನೆ, ಮೆಣಸಿಗೂ ತಗಲುತ್ತದೆ. ಅಲ್ಲಿ ಔಷಧಿಗೆ ದುಡ್ಡು ಸುರಿಯುವುದು ಸುಮ್ನೆ. ಗ್ರೋ ಬ್ಯಾಗ್ ಗೆಲ್ಲುವುದು ಇಲ್ಲೇ. ರೋಗ ಇಲ್ಲದ ಕಡೆಯ ಮಣ್ಣು ತುಂಬಿ, ಮಳೆ ಬಿಟ್ಟ ಮೇಲೆ ಅಕ್ಟೋಬರ್‌ನಲ್ಲಿ ನೆಟ್ಟರೆ ಫೆಬ್ರವರಿವರೆಗೆ ಟೊಮೆಟೊ ಕೊಯ್ಯಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ತಳಿ ಈ ರೋಗ ತಡೆಯುತ್ತದೆ, ಎಲೆ ಮುದುಡುವ ವೈರಸ್ಸನ್ನೂ ತಡೆಯುತ್ತದೆ. ಅದು ಹೈಬ್ರಿಡ್, ಬೀಜ ಪ್ರತಿ ಸಲ ಕೊಳ್ಳಬೇಕು.

ಚೀಲದ ಮಿಶ್ರಣದ ಬಗ್ಗೆ ಒಂದು ಮಾತು. ಎಲ್ಲ ಕಡೆ ಹೇಳುವ ಹಾಗೆ ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಗೊಬ್ಬರ ಸಮಸಮ ಹಾಕುವುದು ಘಟ್ಟದ ಮೇಲಿನ ಊರಿಗೆ ಸರಿ. ಇಲ್ಲಿ ಮಳೆಗಾಲದಲ್ಲಿ ಅದು ತೊಪ್ಪೆಯಾಗಿ ಕೂರುತ್ತದೆ. ನಾನು ಕೋಕೋಪೀಟ್ ಅರ್ಧಕ್ಕಿಳಿಸಿ ದಪ್ಪ ಮರಳು ಸೇರಿಸುತ್ತೇನೆ, ಚೀಲವನ್ನು ಇಟ್ಟಿಗೆ ಮೇಲೆ ಕೂರಿಸುತ್ತೇನೆ. ಗೊಬ್ಬರ ನೀರಿನ ಜೊತೆ ಇಳಿದುಹೋಗುವುದರಿಂದ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಬೇಕು. ಏಪ್ರಿಲ್‌ನಲ್ಲಿ ನೆರಳು ಪರದೆ, ದಿನಕ್ಕೆ ಎರಡು ಸಲ ನೀರು.

ಪ್ಲಾಸ್ಟಿಕ್ ಚಪ್ಪರಕ್ಕೆ ಖರ್ಚು ಜಾಸ್ತಿ, ಕೆಲಸ ಕಡಿಮೆ. ಬಳ್ಳಿ ತರಕಾರಿಗೆ ಅದು ಬೇಡವೇ ಬೇಡ. ಜಡಿಮಳೆಯಲ್ಲಿ ಜೇನು ಹಾರುವುದಿಲ್ಲ, ಸೂರು ಇದ್ದರೂ ಹೀಚು ಕಟ್ಟುವುದಿಲ್ಲ, ಬೆಳಗ್ಗೆ ಎದ್ದು ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸಬೇಕು. ಮುಂಗಾರಿನ ಮೊದಲ ಗಾಳಿಗೇ ಶೀಟು ಹಾರುತ್ತದೆ, ಸಪಾಟಾಗಿ ಕಟ್ಟಿದರೆ ನೀರು ನಿಂತು ಕುಸಿಯುತ್ತದೆ. ಆದರೆ ಸಸಿ ಮಡಿಗೆ ಅದನ್ನು ಬಿಡಲಾರೆ. ಮೆಣಸು, ಬದನೆ ಸಸಿ ಆಗಸ್ಟ್‌ನಲ್ಲಿ ಎಬ್ಬಿಸಲು ಮೇಲೊಂದು ಸಣ್ಣ ಇಳಿಜಾರು ಶೀಟು ಇದ್ದರೆ ಸಾಕು, ಬದಿ ಪೂರ್ತಿ ತೆರೆದೇ ಇರಲಿ.

ಗುಳ್ಳ, ಅಂದರೆ ಉರುಟು ಬದನೆ, ಇಷ್ಟಪಡುವವರಿಗೆ ಸೆಪ್ಟೆಂಬರ್, ಅಕ್ಟೋಬರ್ ನಾಟಿಯೇ ಸರಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಮಟ್ಟುಗುಳ್ಳವನ್ನು ಉಡುಪಿ ಹತ್ತಿರದ ಮಟ್ಟು ಊರಿನಲ್ಲೂ ಭತ್ತ ಕೊಯ್ದ ಮೇಲೇ ನೆಡುವುದು. ನಮ್ಮ ಹಿತ್ತಲಲ್ಲಿ ಬೆಳೆದದ್ದಕ್ಕೆ ಅಲ್ಲಿನ ರುಚಿ ಬರುವುದಿಲ್ಲ, ಆದರೂ ಹುಳಿಗೆ ಒಳ್ಳೆಯದೇ.

ಹಣ್ಣಿನಲ್ಲಿ ಆಯ್ಕೆ ಸುಲಭ. ನಿಂಬೆ ದೊಡ್ಡ ಡ್ರಮ್ಮಿನಲ್ಲಿ ಚೆನ್ನಾಗಿರುತ್ತದೆ. ಬಾಳೆಗೆ ನೆಲವೇ ಬೇಕು. ಪಪ್ಪಾಯಿ ಡ್ರಮ್ಮಿನಲ್ಲಿ ಕಾಯಿ ಬಿಟ್ಟರೂ ಭಾರಕ್ಕೆ, ಗಾಳಿಗೆ ವಾಲುತ್ತದೆ. ನೆಲದಲ್ಲಿ ಬುಡಕ್ಕೆ ನೀರು ನಿಂತರೆ ಕೊಳೆಯುತ್ತದೆ. ಒಂದೂವರೆ ಅಡಿ ದಿಬ್ಬ ಮಾಡಿ ಮಳೆ ಕಳೆದ ಮೇಲೆ ನೆಡಿ, ಮುಂದಿನ ಜೂನ್‌ಗೆ ಕಾಂಡ ಗಟ್ಟಿಯಾಗಿರುತ್ತದೆ. ಮೇ ತಿಂಗಳ ಸಸಿ ನರ್ಸರಿಯಲ್ಲಿ ಎಷ್ಟೇ ಚೆಂದ ಕಂಡರೂ ಈ ಕಡೆಗೆ ತರಬೇಡಿ.