ಟ್ರ್ಯಾಲಿಯೋ ಟೆಂಟೋ? ಹಳೆ ಖಣಿ ನೋಡಲು ಹೋಗಿ ಮಲಗಿದ ರಾತ್ರಿಗಳು

ಕಾಕಾನ ಟ್ರ್ಯಾಕ್ಟರ್ ಟ್ರ್ಯಾಲಿಗೆ ಬಿದಿರಿನ ಕಮಾನು ಕಟ್ಟಿ, ತಾಡಪತ್ರಿ ಹೊದಿಸುತ್ತಿದ್ದೆವು. ದಾರಿಯಲ್ಲಿ ಹೋಗುವವರೆಲ್ಲ ನಿಂತು ಕೇಳಿದ್ದು ಒಂದೇ ಮಾತು: "ಯಾವ ಜಾತ್ರಿಗಿ ಹೊಂಟೀರಿ?" ಕಲಬುರಗಿ ಜಿಲ್ಲೆಯ ಶಹಾಬಾದ್ ಕಡೆಯ ಹಳೆ ಕಲ್ಲಿನ ಖಣಿ ನೋಡಲು ಎಂದರೆ ಯಾರೂ ನಂಬಲಿಲ್ಲ.

ಅಮೆರಿಕದ ನೆವಾಡಾ, ಕ್ಯಾಲಿಫೋರ್ನಿಯಾ ಮರುಭೂಮಿಗಳಲ್ಲಿ ಜನ ಕಾರಿನ ಹಿಂದೆ ಮನೆಯಂಥ ಟ್ರೇಲರ್ ಎಳೆದುಕೊಂಡು ಹೋಗುತ್ತಾರೆ. ರಾತ್ರಿ ಅಲ್ಲೇ ಮಲಗಿ, ಬೆಳಿಗ್ಗೆ ಪಾಳುಬಿದ್ದ ಚಿನ್ನ, ಬೆಳ್ಳಿ ಗಣಿಗಳ ತನಕ ನಡೆಯುತ್ತಾರೆ. ಆ ವಿಡಿಯೋಗಳನ್ನು ನೋಡಿಯೇ ನಮಗೆ ಹುಚ್ಚು ಹತ್ತಿದ್ದು. ನಮ್ಮಲ್ಲಿ ಮರುಭೂಮಿ ಇಲ್ಲ. (ಏಪ್ರಿಲ್‌ನಲ್ಲಿ ಕಲಬುರಗಿಗೆ ಬಂದವರು ಇದನ್ನು ಒಪ್ಪಲಿಕ್ಕಿಲ್ಲ.) ಆ ಥರದ ಟ್ರೇಲರ್ ಕೂಡ ಇಲ್ಲ. ಆದರೆ ಟ್ರ್ಯಾಲಿ ಇದೆ, ಖಣಿ ಇವೆ. ಹಾಗಾಗಿ ಒಂದು ವಾರ ಟ್ರ್ಯಾಲಿ, ಮರುವಾರ ಅದೇ ಜಾಗದಲ್ಲಿ ಟೆಂಟ್ ಎಂದು ಮೂವರೂ ಮಾತಾಡಿಕೊಂಡೆವು. ಎರಡೂ ಸಲ ಹೊಲದವರನ್ನು ಕೇಳಿಯೇ ಇಳಿದೆವು.

ಮೊದಲು ಟ್ರ್ಯಾಲಿ. ಅದರಲ್ಲಿ ಸಾಮಾನು ಮಾತ್ರ ಹೇರಿದ್ದೆವು, ನಾವು ಬೈಕಿನಲ್ಲಿ ಹಿಂದೆ ಹೋದೆವು. ಟ್ರ್ಯಾಲಿಯಲ್ಲಿ ಮಂದಿ ತುಂಬಿಕೊಂಡು ಹೋಗುವುದು ನಮ್ಮ ಕಡೆ ಮಾಮೂಲು, ಆದರೆ ಅದು ಕಾನೂನಿಗೆ ವಿರುದ್ಧ. ಪಲ್ಟಿಯಾದರೆ ಏನಾಗುತ್ತದೆ ಅಂತ ಎಲ್ಲರೂ ನೋಡಿಯೇ ಇದ್ದೇವೆ. ಒಳಗೆ ಅರ್ಧ ಅಡಿ ಜೋಳದ ಕಣಿಕಿ (ಒಣ ದಂಟು), ಅದರ ಮೇಲೆ ಎರಡು ಕೌದಿ. ಹೊರಗೆ ಡಿಸೆಂಬರ್ ಚಳಿ. ಇದಕ್ಕಿಂತ ಬೆಚ್ಚಗಿನ ಹಾಸಿಗೆ ನಾನು ಹೋಟೆಲಿನಲ್ಲೂ ಕಂಡಿಲ್ಲ. ಕಣಿಕಿ ಹಾಕದೆ ಮಲಗಿದರೆ ಮಾತ್ರ ಕಬ್ಬಿಣದ ತಂಡಿ ಬೆನ್ನಿಗೇ ಹೊಡೆಯುತ್ತದೆ.

ಒಂದು ತಪ್ಪು ಮಾಡಿದೆವು. ನೆಲ ಸಮ ಇದೆ ಅಂತ ಕಣ್ಣಂದಾಜಿನಲ್ಲೇ ಗಾಡಿ ನಿಲ್ಲಿಸಿದೆವು. ನಡುರಾತ್ರಿ ಹೊತ್ತಿಗೆ ಮೂವರೂ ಜಾರಿ ಎಡಗಡೆ ಹಲಗೆಗೆ ಒತ್ತಿಕೊಂಡು ಬಿದ್ದಿದ್ದೆವು. ಬೆಳಿಗ್ಗೆ ತಗ್ಗಿನ ಕಡೆಯ ಗಾಲಿಯ ಕೆಳಗೆ ಎರಡು ಫರಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು, ಇಟ್ಟ ಮೇಲೆ ಸರಿಹೋಯಿತು. ಅಲ್ಲಿ ಫರಸಿಗೇನು ಬರವೇ? ಇನ್ನೊಂದು ಮಾತು. ಎರಡು ಗಾಲಿಯ ಟ್ರ್ಯಾಲಿಯಾದರೆ ಟ್ರ್ಯಾಕ್ಟರಿನಿಂದ ಬಿಚ್ಚಲೇಬೇಡಿ. ಬಿಚ್ಚಿದ ಟ್ರ್ಯಾಲಿಯ ಹಿಂಬದಿಗೆ ಎಲ್ಲರೂ ಒಟ್ಟಿಗೆ ಸರಿದರೆ ಮೂತಿ ಮೇಲೇಳುತ್ತದೆ.

ಬೆಳಿಗ್ಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಖಣಿ ಕಡೆ ನಡೆದೆವು. ಶಹಾಬಾದ್ ಕಲ್ಲು ಅಂದರೆ ಸುಣ್ಣದ ಕಲ್ಲು. ಯಾವುದೋ ಕಾಲದ ಸಮುದ್ರದ ತಳದಲ್ಲಿ ಕೆಸರು ಪದರು ಪದರಾಗಿ ಕೂತು ಗಟ್ಟಿಯಾಗಿದ್ದು. ವಾಡಿ, ಸೇಡಂ, ಮಳಖೇಡ ಕಡೆಯ ಸಿಮೆಂಟ್ ಕಾರ್ಖಾನೆಗಳಿಗೆ ಹೋಗುವುದೂ ಈ ಸುಣ್ಣದ ಕಲ್ಲೇ. ಖಣಿಯ ಗೋಡೆ ನೋಡಿದರೆ ಪುಟ್ಟಿಯಲ್ಲಿ ರೊಟ್ಟಿ ಪೇರಿಸಿಟ್ಟ ಹಾಗಿದೆ. ಉಳಿ, ಸುತ್ತಿಗೆ, ಹಾರೆ ಇದ್ದರೆ ಸಾಕು, ಪದರಿನ ಸಂದಿಗೆ ಹಾರೆ ಹಾಕಿ ಎಬ್ಬಿಸಿದರೆ ಫರಸಿ ಎದ್ದು ಬರುತ್ತದೆ. ನಮ್ಮ ಮನೆಯ ನೆಲವೂ ಇಂಥದೇ ಒಂದು ಗುಂಡಿಯಿಂದ ಎದ್ದು ಬಂದಿದ್ದು. ಬಿಟ್ಟುಹೋದ ಗುಂಡಿಗಳಲ್ಲಿ ಹಸಿರು ನೀರು ನಿಂತಿದೆ, ನೋಡಲು ಚೆಂದ. ಈಜಲು ಇಳಿಯಬೇಡಿ. ದಂಡೆ ಒಮ್ಮೆಲೇ ಕಡಿದಾಗಿದೆ, ಹತ್ತಿ ಬರಲು ಕಾಲಿಗೆ ಹಿಡಿತ ಸಿಗುವುದಿಲ್ಲ.

ಮರುವಾರ ಟೆಂಟ್. ಮೂರೂವರೆ ಕಿಲೋ ತೂಕ, ಹೊರಲು ಏನೂ ತ್ರಾಸಿಲ್ಲ. ತ್ರಾಸು ಶುರುವಾಗಿದ್ದು ಮೊದಲ ಗೂಟ ಹೊಡೆದಾಗ. ಮಣ್ಣು ನಾಲ್ಕೇ ಬೆರಳು, ಕೆಳಗೆ ಫರಸಿ. ಗೂಟ ಬಾಗಿತು. ಎರಡನೆಯದೂ ಬಾಗಿತು. ಹಗ್ಗವನ್ನು ಕಲ್ಲಿಗೆ ಕಟ್ಟೋಣ ಅಂತ ಒಂದು ಚಪ್ಪಡಿ ಎತ್ತಿದರೆ ಅಡಿಯಲ್ಲಿ ಚೇಳು. ಅಲ್ಲಿಂದ ಮುಂದೆ ಪ್ರತಿ ಕಲ್ಲನ್ನೂ ಕೋಲಿನಿಂದ ಮಗುಚಿಯೇ ಎತ್ತಿದೆವು. ಅಷ್ಟೆಲ್ಲ ಮಾಡಿ ಮಲಗಿದರೆ, ಕಲ್ಲಿನ ಚೂಪು ಅಂಚಿಗೆ ಹಗ್ಗ ಉಜ್ಜಿ ಉಜ್ಜಿ ನಸುಕಿನ 3ಕ್ಕೆ ಹರಿಯಿತು. ಟೆಂಟಿನ ಗೋಡೆ ಮುಖಕ್ಕೆ ಬಡಿಯತೊಡಗಿತು. ದೂರದಲ್ಲಿ ವಾಡಿ ಜಂಕ್ಷನ್ ಕಡೆಯ ರೈಲುಗಳ ಸದ್ದು ಕೇಳುತ್ತಾ ಬೆಳಗು ಮಾಡಿದೆವು. ಟ್ರ್ಯಾಲಿಯಲ್ಲಿ ಈ ಯಾವ ರಗಳೆಯೂ ಇರಲಿಲ್ಲ. ನೆಲದಿಂದ ಮೂರಡಿ ಮೇಲೆ, ಗೂಟ ಬೇಡ, ಹಗ್ಗ ಬೇಡ.

ಅದೇ ಬೆಳಿಗ್ಗೆ ಇನ್ನೊಂದು ಪಾಠ. ಚಹಾಕ್ಕೆ ಫರಸಿ ಮೇಲೆ ಮೂರು ಕಲ್ಲು ಇಟ್ಟು ಬೆಂಕಿ ಹಾಕಿದ್ದೆವು. ಕಲ್ಲು ಕಾದು ಫಟ್ ಅಂತ ಸಿಡಿಯಿತು. ಪಾತ್ರೆ ಉರುಳಿತು, ಯಾರಿಗೂ ಪೆಟ್ಟಾಗಲಿಲ್ಲ. ಒಲೆಗೆ ಮಣ್ಣಿನ ಜಾಗವನ್ನೇ ಹುಡುಕಿ.

ಕಾರಿನಲ್ಲೇ ಮಲಗಬಹುದಲ್ಲ ಅಂತ ಕೇಳುವವರಿಗೆ: ಗೆಳೆಯನ ಕಾರಿನಲ್ಲಿ ಸೀಟು ಮಡಚಿ ಒಂದು ರಾತ್ರಿ ಕಳೆದಿದ್ದೇನೆ. ಗಾಜು ಏರಿಸಿದರೆ ಉಸಿರಿನ ಹಬೆ, ಇಳಿಸಿದರೆ ಗುಂಡಿಯ ನೀರಿನ ಸೊಳ್ಳೆ. ಬೇಡ.

ಇಷ್ಟಾದ ಮೇಲೆ ಟೆಂಟನ್ನು ಮಾರಿಬಿಡೋಣ ಅಂದುಕೊಂಡಿದ್ದೆ. ಜನವರಿಯಲ್ಲಿ ಯಾದಗಿರಿ ಜಿಲ್ಲೆಯ ಸುರಪುರದ ಕಡೆ ಹೋದ ಮೇಲೆ ಮನಸ್ಸು ಬದಲಾಯಿತು. ಆ ತಾಲ್ಲೂಕಿನಲ್ಲೂ ಒಂದು ಮಂಗಳೂರು ಇದೆ. ಕಡಲಿನದಲ್ಲ, ಹಳೆ ಚಿನ್ನದ ಗಣಿಯದು. ಗಂಟೆಗೆ 20 ಕಿಲೋಮೀಟರ್ ಓಡುವ ಟ್ರ್ಯಾಕ್ಟರ್ ತೆಗೆದುಕೊಂಡು ಅಲ್ಲಿಗೆ ಹೋಗುವುದು ಆಗದ ಮಾತು. ಬಸ್ಸು, ಆಮೇಲೆ ನಡಿಗೆ. ಅಲ್ಲಿ ನೆಲ ಗರಸು ಮಣ್ಣು. ಗೂಟ ಹೊಡೆದರೆ ಕಚ್ಚಿಕೊಂಡು ಕೂತಿತು, ಗಾಳಿಗೂ ಅಲುಗಲಿಲ್ಲ. ಹತ್ತೇ ನಿಮಿಷಕ್ಕೆ ಟೆಂಟ್ ನಿಂತಿತು. ಒಬ್ಬೊಬ್ಬರೂ ನಾಲ್ಕು ಲೀಟರ್ ನೀರು ಹೊರಬೇಕಾಯಿತು, ಅದೊಂದೇ ಭಾರ. ಟ್ರ್ಯಾಲಿಯಲ್ಲಾದರೆ 20 ಲೀಟರಿನ ಎರಡು ಕ್ಯಾನು ಸುಮ್ನೆ ಹಾಕಿಕೊಂಡಿದ್ದೆವು.

ಅಲ್ಲಿ ಬಿಳಿ ಬೆಣಚು ಕಲ್ಲಿನ ಚೂರು ಆರಿಸಿ ಬಿಸಿಲಿಗೆ ಹಿಡಿದು ನೋಡಿದೆವು. ಚಿನ್ನವೇನೂ ಕಾಣಲಿಲ್ಲ. ಪಕ್ಕದ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಸುಮಾರು 2000 ವರ್ಷ ಹಿಂದೆಯೇ ಚಿನ್ನ ಅಗೆದ ಗುರುತುಗಳಿವೆ. ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ನೀರು ಸುರಿದು ಸೀಳುತ್ತಿದ್ದರಂತೆ. ನಮ್ಮ ಚಹಾದ ಫರಸಿ ನೆನಪಾಗಿ ಮೂವರೂ ನಕ್ಕೆವು. ಪೊದೆಯಲ್ಲಿ ಬಾಯಿ ಮುಚ್ಚಿದ ಗುಂಡಿಗಳು ಇರಬಹುದು ಅಂತ ಕೋಲು ಊರುತ್ತಲೇ ನಡೆದೆವು. ಒಳಗೆ ಇಳಿಯುವ ಮಾತೇ ಇಲ್ಲ. ಹಳೆ ಗಣಿಯ ಒಳಗೆ ಗಾಳಿ ಕೆಟ್ಟಿರುತ್ತದೆ, ಮೇಲಿನ ಕಲ್ಲು ಸಡಿಲ ಇರುತ್ತದೆ. ಅಮೆರಿಕದಲ್ಲಿ ಎಷ್ಟೋ ಗಣಿಗಳ ಬಾಯಿಗೆ ಬಾವಲಿ ಮಾತ್ರ ನುಸುಳುವಂಥ ಕಬ್ಬಿಣದ ಸರಳು ಹಾಕಿದ್ದಾರೆ. ನಮ್ಮಲ್ಲಿ ಬಳ್ಳಾರಿ ಜಾಲಿಯೇ ಸರಳು.

ಹಾಗಾದರೆ ನಾನು ಯಾವುದನ್ನು ಆರಿಸುತ್ತೇನೆ? ಫರಸಿ ನೆಲವಾದರೆ ಟ್ರ್ಯಾಲಿ, ಎರಡನೇ ಯೋಚನೆ ಇಲ್ಲ. ಆದರೆ ನವೆಂಬರಿನಿಂದ ಫೆಬ್ರವರಿ ತನಕ ಮಾತ್ರ. ಮಾರ್ಚ್ ಕೊನೆಗೆ ಒಮ್ಮೆ ಹಟ ಹಿಡಿದು ಹೋಗಿದ್ದೆವು. ರಾತ್ರಿ 10 ಆದರೂ ಟ್ರ್ಯಾಲಿಯೊಳಗೆ ಸೆಕೆ ತಗ್ಗಲಿಲ್ಲ. ಕೆಳಗಿಳಿದು ಫರಸಿ ಮೇಲೆ ಹಾಸಿದರೆ ಅದು ಹಂಚಿನ ಹಾಗೆ ಕಾದಿತ್ತು. ಹನ್ನೆರಡಕ್ಕೆ ಕಟ್ಟಿಕೊಂಡು ಮನೆಗೆ ಬಂದೆವು. ಸುರಪುರದಂಥ ಕಡೆಗೆ ಟೆಂಟೇ.

ಟ್ರ್ಯಾಲಿಯದು ಇನ್ನೊಂದು ತೊಡಕಿದೆ. ಸಂಕ್ರಾಂತಿ ವಾರ ಅದು ಸಿಗುವುದಿಲ್ಲ. ಕೇಳಿದ್ದಕ್ಕೆ ಕಾಕಾ ಹೇಳಿದ: "ಮೈಲಾಪುರ ಜಾತ್ರಿಗಿ ಬೇಕು ನಂಗ. ನೀವು ನಿಮ್ಮ ಛತ್ರಿ ಹೊತ್ಕೊಂಡು ಹೋಗ್ರಿ."