ಒಂದೇ ಪುಸ್ತಕ, ನಾಲ್ಕು ಫೈಲ್: ಮಾವನ ಕಣ್ಣಿಗೆ ಯಾವುದು ಹಿತ?

ಜೂನ್ ಕಳೆದ ಮೇಲೆ ಸೋಮವಾರಪೇಟೆ ಕಡೆಯ ನಮ್ಮ ಮನೆಯಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ. ಗಾಳಿಗೆ ಸಿಲ್ವರ್ ಮರದ ಕೊಂಬೆ ಲೈನ್ ಮೇಲೆ ಬಿದ್ದರೆ ಎರಡು ದಿನ ಕರೆಂಟ್ ಇರುವುದಿಲ್ಲ. ಅದರ ಹಿಂದೆಯೇ ಟವರೂ ಹೋಗುತ್ತದೆ. ಹಾಗಾಗಿ ಓದುವುದು, ಕೇಳುವುದು ಎಲ್ಲವನ್ನೂ ಮಳೆ ಹಿಡಿಯುವ ಮೊದಲೇ ಫೋನಿಗೆ ಇಳಿಸಿಟ್ಟುಕೊಳ್ಳುತ್ತೇವೆ.

ಈ ಸಲ ಮಾವ ಕೇಳಿದ್ದು ಕಾಫಿ, ಮೆಣಸು ಬೇಸಾಯದ ಒಂದು ಹಳೆಯ ಕನ್ನಡ ಪುಸ್ತಕ. ಅವರು ಹುಡುಗನಾಗಿದ್ದಾಗ ಮನೆಯಲ್ಲಿತ್ತಂತೆ, ಆಮೇಲೆ ಯಾರೋ ಓದಲು ಒಯ್ದವರು ತಂದುಕೊಡಲಿಲ್ಲ. ಹುಡುಕಿದಾಗ ಒಂದು ಡಿಜಿಟಲ್ ಗ್ರಂಥಾಲಯದ ಜಾಲತಾಣದಲ್ಲಿ ಸಿಕ್ಕಿತು. 212 ಪುಟ. ಇಳಿಸಿಕೊಳ್ಳಲು ನಾಲ್ಕು ಬಗೆ: ಪಿಡಿಎಫ್, ಡೇಜಾವೂ, ಇಪಬ್, ಬರೀ ಪಠ್ಯ. ಯಾವುದು ಸರಿ ಅಂತ ಗೊತ್ತಾಗದೆ ನಾಲ್ಕನ್ನೂ ಇಳಿಸಿದೆ. ಮಾವನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿದೆ, ಸಣ್ಣ ಅಕ್ಷರ ಕಷ್ಟ. ಅವರಿಗೆ ಒಂದೊಂದನ್ನೂ ಎರಡೆರಡು ದಿನ ಕೊಟ್ಟು ನೋಡಿದೆ.

ಮೊದಲು ಪಿಡಿಎಫ್. 46 ಎಂಬಿ ಇತ್ತು. ಇಳಿಯುವುದರೊಳಗೆ ಎರಡು ಸಲ ನಿಂತುಹೋಯಿತು. ತೆರೆದಾಗ ಮಾತ್ರ ಮಾವನ ಮುಖ ಅರಳಿತು. ಅದೇ ಹಳೆಯ ಅಚ್ಚು, ಅಂಚಿನಲ್ಲಿ ಯಾರೋ ಪೆನ್ಸಿಲ್‌ನಲ್ಲಿ ಬರೆದ ಲೆಕ್ಕ ಕೂಡ ಹಾಗೇ ಇತ್ತು. ಪಿಡಿಎಫ್ ಹುಟ್ಟಿದ್ದೇ ಅದಕ್ಕೆ. 1993ರಲ್ಲಿ ಅಡೋಬಿ ಅದನ್ನು ತಂದದ್ದು, ಯಾವ ಕಂಪ್ಯೂಟರ್‌ನಲ್ಲಿ ತೆರೆದರೂ ಪುಟ ಒಂದೇ ಥರ ಕಾಣಲಿ ಅಂತ. 2008ರಲ್ಲಿ ಅದು ಐಎಸ್ಒ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನಕವೂ ಆಯಿತು. ಆದರೆ ಆ ಗುಣವೇ ಫೋನಿನಲ್ಲಿ ತೊಂದರೆ ಕೊಡುತ್ತದೆ. ಅಕ್ಷರ ದೊಡ್ಡದು ಮಾಡಿದರೆ ಸಾಲು ಪರದೆಯಿಂದ ಆಚೆ ಹೋಗುತ್ತದೆ. ಪ್ರತಿ ಸಾಲಿಗೂ ಬಲಕ್ಕೆ ಎಳಿ, ಮತ್ತೆ ಎಡಕ್ಕೆ ಎಳಿ. ನಾಲ್ಕು ಪುಟ ಓದುವುದರಲ್ಲಿ ಮಾವ ಸಾಲು ತಪ್ಪಿ, ಸುಸ್ತಾಗಿ, ಫೋನ್ ಕೆಳಗಿಟ್ಟರು. ಅಡ್ಡ ಹಿಡಿದರೆ ಸ್ವಲ್ಪ ಪರವಾಗಿಲ್ಲ.

ಡೇಜಾವೂ ಇಷ್ಟು ಹೊತ್ತು ತೆಗೆದುಕೊಳ್ಳಲಿಲ್ಲ. ಅದೇ ಪುಟಗಳು, ಬರೀ 9 ಎಂಬಿ. ಕಾಗದದ ಹಿನ್ನೆಲೆ ಬೇರೆ, ಮಸಿಯ ಅಕ್ಷರ ಬೇರೆ ಅಂತ ಎರಡು ಪದರ ಮಾಡಿ ಇಡುವುದರಿಂದ ಅದು ಅಷ್ಟು ಚಿಕ್ಕದಾಗುತ್ತದೆ. ಅಕ್ಷರವೂ ಚೆನ್ನಾಗಿ ಕಂಡಿತು. ಆದರೆ ನಮ್ಮ ಫೋನಿನಲ್ಲಿ ಸುಮ್ನೆ ಒತ್ತಿದರೆ ತೆರೆಯುವುದಿಲ್ಲ, ಬೇರೆ ಆ್ಯಪ್ ಹಾಕಬೇಕು. ಹಾಕಿದ ಮೇಲೂ ಸಾಲು ಎಳೆಯುವ ಕಷ್ಟ ಹಾಗೇ ಉಳಿಯಿತು. ನೆಟ್ ತೀರಾ ನಿಧಾನ ಇದ್ದವರಿಗೆ ಇದು ಒಳ್ಳೆಯದು. ಮಾವನಿಗಲ್ಲ.

ನನಗೆ ಭರವಸೆ ಇದ್ದದ್ದು ಇಪಬ್ ಮೇಲೆ. ಅದರಲ್ಲಿ ಪುಟ ಅಂತ ಗಟ್ಟಿಯಾಗಿ ಇರುವುದಿಲ್ಲ. ಅಕ್ಷರ ದೊಡ್ಡದು ಮಾಡಿದರೆ ಸಾಲು ತಾನೇ ಮುರಿದು ಪರದೆಯ ಅಗಲಕ್ಕೆ ಕೂರುತ್ತದೆ. ಬರೀ ಪಠ್ಯದ ಫೈಲ್ 900 ಕೆಬಿ ಇದ್ದರೆ ಇಪಬ್ 300 ಕೆಬಿ ಇತ್ತು. ಇಪಬ್ ಒಳಗೆ ಜಿಪ್ ಆಗಿರುತ್ತದೆ, ಅದಕ್ಕೆ. ಬಸ್ ಸ್ಟಾಪ್ ಹತ್ತಿರ ನಿಂತು ಒತ್ತಿದರೆ ಕ್ಷಣದಲ್ಲಿ ಇಳಿಯುತ್ತದೆ. ಮಾವ ಅಕ್ಷರವನ್ನು ಬೆರಳಿನಷ್ಟು ದಪ್ಪ ಮಾಡಿಕೊಂಡು ಅಂಗಳದ ಬದಿಯಲ್ಲಿ ಕೂತು ಒಂದೇ ಸಂಜೆ ಮೂವತ್ತು ಪುಟ ಓದಿದರು.

ಆಮೇಲೆ ಕರೆದರು. "ಇಲ್ನೋಡಮ್ಮ, ಇದೇನು ಬರೆದಿದ್ದಾರೆ?"

ಕಾರಣ ಇಷ್ಟು. ಈ ಇಪಬ್ ಯಾರೂ ಕೂತು ಟೈಪ್ ಮಾಡಿದ್ದಲ್ಲ. ಪುಟದ ಫೋಟೋ ನೋಡಿ ಯಂತ್ರವೇ ಅಕ್ಷರ ಗುರುತಿಸಿ ಮಾಡಿದ್ದು. ಕನ್ನಡದಲ್ಲಿ ಅದಕ್ಕೆ ಎರಡು ಕಡೆ ಖಂಡಿತ ಎಡವಟ್ಟಾಗುತ್ತದೆ. ಅರ್ಕಾವತ್ತು ಮತ್ತು ಒಂಬತ್ತು ನೋಡಲು ಒಂದೇ ಥರ, ಅಲ್ವಾ? "ವರ್ಷ" ಎನ್ನುವುದು "ವಷ೯" ಆಗಿತ್ತು. ಸೊನ್ನೆ ಮತ್ತು ಅನುಸ್ವಾರವೂ ಹಾಗೇ. ಮಾವ ತೋರಿಸಿದ್ದು ಬೋರ್ಡೋ ದ್ರಾವಣದ ಕೋಷ್ಟಕ. ಮೆಣಸಿನ ಸೊರಗು ರೋಗಕ್ಕೆ ಮಳೆಗೆ ಮುಂಚೆ ಹೊಡೆಯುತ್ತೇವಲ್ಲ, ಅದು. ಶೇಕಡಾ ಒಂದರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಇಪಬ್‌ನಲ್ಲಿ ನೀರಿನ ಅಳತೆ "೧ಂಂ" ಅಂತ ಬಂದಿತ್ತು. ಕೋಷ್ಟಕದ ಮನೆಗಳು ಕಲಸಿಹೋಗಿ ಸುಣ್ಣದ ಅಂಕಿ ಇನ್ನೊಂದು ಸಾಲಿಗೆ ಜಾರಿತ್ತು. ಮಾವನಿಗೆ ಈ ಅಳತೆ ಬಾಯಿಪಾಠ, ಅದಕ್ಕೆ ತಪ್ಪು ಕಣ್ಣಿಗೆ ಬಿತ್ತು. ಹೊಸದಾಗಿ ತೋಟ ಮಾಡುವ ಹುಡುಗ ಅದನ್ನೇ ನಂಬಿ ಕಲಸಿದರೆ? ನನಗೆ ನಿಜಕ್ಕೂ ಭಯವಾಯಿತು.

ಅವತ್ತಿನಿಂದ ನಮ್ಮ ಮನೆಯಲ್ಲಿ ಓದಲು ಇಪಬ್, ಅಳತೆಗೆ ಪಿಡಿಎಫ್. ಔಷಧಿ, ಗೊಬ್ಬರದ ಕೋಷ್ಟಕ ಇರುವ ಹನ್ನೊಂದು ಪುಟಗಳನ್ನು ಪಿಡಿಎಫ್‌ನಿಂದ ಸ್ಕ್ರೀನ್‌ಶಾಟ್ ತೆಗೆದು ಬೇರೆ ಫೋಲ್ಡರ್‌ನಲ್ಲಿ ಇಟ್ಟಿದ್ದೇನೆ. ನೀವು ಕನ್ನಡದ ಇಪಬ್ ಇಳಿಸಿದರೆ ಮೊದಲು ಒಂದು ಅರ್ಕಾವತ್ತಿನ ಪದ ಹುಡುಕಿ. "ವರ್ಷ" ಅಂತ ಕೊಟ್ಟು ಒಂದೂ ಸಿಗದಿದ್ದರೆ ಅದು ಯಂತ್ರ ಓದಿದ್ದು, ಯಾರೂ ತಿದ್ದಿಲ್ಲ ಅಂತ ತಿಳಿದುಕೊಳ್ಳಿ. ಚೆನ್ನಾಗಿ ಟೈಪ್ ಮಾಡಿದ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿದರೂ ಎಷ್ಟೋ ಸಲ ಒತ್ತಕ್ಷರ ಎಲ್ಲೆಲ್ಲೋ ಹೋಗಿ ಕೂರುತ್ತದೆ. ಪಿಡಿಎಫ್ ಮುಖ್ಯವಾಗಿ ನೆನಪಿಡುವುದು ಅಕ್ಷರದ ಆಕಾರ ಮತ್ತು ಜಾಗವನ್ನು. ಕಣ್ಣಿಗೆ ಸರಿ ಕಂಡರೆ ಒಳಗೂ ಸರಿ ಇದೆ ಅಂತ ಅಲ್ಲ.

ವರ್ಡ್ ಫೈಲ್ ವಿಷಯಕ್ಕೆ ಬಂದರೆ, ಹೋದ ವರ್ಷ ಒಂದು ಕಚೇರಿಯ ಜಾಲತಾಣದಿಂದ ಅರ್ಜಿ ನಮೂನೆ ಇಳಿಸಿದ್ದೆ. ಫೋನಿನಲ್ಲಿ ತೆರೆದರೆ ಒಂದೂ ಕನ್ನಡ ಅಕ್ಷರ ಇಲ್ಲ. ಇಂಗ್ಲಿಷ್ ಅಕ್ಷರ, ಅವುಗಳ ತಲೆಯ ಮೇಲೆ ಗೆರೆ, ಚುಕ್ಕಿ. ಎಲ್ಲ ಭಾಷೆಯ ಅಕ್ಷರಗಳಿಗೂ ಎಲ್ಲ ಯಂತ್ರದಲ್ಲೂ ಒಂದೇ ಸಂಕೇತ ಕೊಡುವ ವ್ಯವಸ್ಥೆ ಯೂನಿಕೋಡ್. ಅದು ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ನಲ್ಲಿ ಬರೆದದ್ದು. ಆ ಫಾಂಟ್ ಇರುವ ಕಂಪ್ಯೂಟರ್‌ನಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಜಾಗ ಇದೆ. ಆದರೂ ಹೀಗೆ ಕೊಟ್ಟಿದ್ದರು. ಆ ನಮೂನೆಯ ಒಂದು ಪ್ರಿಂಟ್‌ಗೆ ಸೋಮವಾರಪೇಟೆಗೆ ಹೋಗಿ ಬಂದು ಒಂದು ದಿನ ಹಾಳಾಯಿತು. ಅದೇ ನಮೂನೆ ಪಿಡಿಎಫ್‌ನಲ್ಲಿ ಇದ್ದಿದ್ದರೆ ಫಾಂಟ್ ಫೈಲ್ ಒಳಗೇ ಇರುತ್ತಿತ್ತು, ಮನೆಯಲ್ಲೇ ಓದಬಹುದಿತ್ತು. ಜನರಿಗೆ ಕೊಡುವ ಕಾಗದವನ್ನು ದಯವಿಟ್ಟು ಪಿಡಿಎಫ್ ಮಾಡಿ ಕೊಡಿ. ಜನ ತುಂಬಿ ಕಳಿಸಬೇಕು ಅಂತಿದ್ದರೆ ಯೂನಿಕೋಡ್‌ನಲ್ಲಿ ಬರೆದ ವರ್ಡ್ ಫೈಲೂ ಜೊತೆಗಿರಲಿ.

ಹಾಡಿನ ಫೈಲ್‌ಗಳಲ್ಲಿ ನನಗೆ ಆಯ್ಕೆ ಸುಲಭವಾಗಿರಲಿಲ್ಲ. ದುಡಿ ಬಾರಿಸಿ ಹಾಡುವ ಒಂದು ಹಳೆಯ ಧ್ವನಿಮುದ್ರಣ ಸಿಕ್ಕಿತು, ಎಂಟು ನಿಮಿಷದ್ದು. ಏನೂ ಕುಗ್ಗಿಸದ ವೇವ್ ಫೈಲ್ ಸುಮಾರು 80 ಎಂಬಿ. ಸಿಡಿ ಗುಣಮಟ್ಟದಲ್ಲಿ ನಿಮಿಷಕ್ಕೆ ಹತ್ತು ಎಂಬಿ ಬೇಕು. ಫ್ಲ್ಯಾಕ್ ಅದರ ಅರ್ಧದಷ್ಟು, ಒಂದು ಸ್ವರವೂ ಕಳೆಯದೆ. 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಬರೀ 8 ಎಂಬಿ. ಇನ್ನೂ ಚಿಕ್ಕದೊಂದಿತ್ತು, 64ರದ್ದು. ಇಯರ್‌ಫೋನ್ ಹಾಕಿ ಕೇಳಿದೆ. 64ರಲ್ಲಿ ದುಡಿಯ ಪೆಟ್ಟು ಬೀಳುವ ಮೊದಲೇ ಒಂದು ಸಣ್ಣ ಸರಸರ ಕೇಳುತ್ತದೆ, ಪೆಟ್ಟಿನ ಹರಿತ ಹೋಗುತ್ತದೆ. ಥಟ್ಟನೆ ಹೊಡೆಯುವ ವಾದ್ಯಗಳಿಗೆ ಎಂಪಿ3ಯಲ್ಲಿ ಹೀಗಾಗುತ್ತದೆ. 128ರಲ್ಲಿ ನನಗೆ ಅಷ್ಟು ಗೊತ್ತಾಗಲಿಲ್ಲ. ಕಾಪಿಟ್ಟುಕೊಳ್ಳಲು ಫ್ಲ್ಯಾಕ್ ಇಳಿಸಿದೆ, ಪೆನ್‌ಡ್ರೈವ್‌ನಲ್ಲಿ ಹಾಕಿದೆ. ಹಂಚಲು ಎಂಪಿ3. ನಮ್ಮ ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಇರುವುದು ಕೀಪ್ಯಾಡ್ ಫೋನ್. ಅದರಲ್ಲಿ ಫ್ಲ್ಯಾಕ್ ಹಾಡಲೇ ಇಲ್ಲ. ಎಂಪಿ3 ಹಾಕಿಕೊಟ್ಟ ಮೇಲೆ ಕೆಲಸದವರ ಲೈನ್ ಮನೆಯಲ್ಲಿ ಎಲ್ಲರಿಗೂ ಕೇಳಿಸಿದರಂತೆ.

ವಿಡಿಯೋಗೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಕಾಫಿ ಗಿಡದ ಕಪಾತು, ಅಂದರೆ ರೆಂಬೆ ಕತ್ತರಿಸುವ ವಿಧಾನದ ವಿಡಿಯೋ ಎಂಪಿ4, ವೆಬ್‌ಎಂ ಎರಡರಲ್ಲೂ ಇತ್ತು. ನಮ್ಮ ಹಳೆಯ ಟಿವಿಯ ಯುಎಸ್‌ಬಿಯಲ್ಲಿ ಓಡಿದ್ದು ಎಂಪಿ4 ಮಾತ್ರ. 480ರ ಅಳತೆ ಫೋನಿಗೆ ಸಾಕು.

ಪುಸ್ತಕದ ಕೆಲಸ ಇನ್ನೂ ಮುಗಿದಿಲ್ಲ. ನಾಲ್ಕನೆಯ ಫೈಲ್, ಆ ಬರೀ ಪಠ್ಯ, ಓದಲು ಯಾತಕ್ಕೂ ಬೇಡ ಅಂದುಕೊಂಡಿದ್ದೆ. ಆದರೆ ತಿದ್ದಲು ಅದೇ ಎಲ್ಲಕ್ಕಿಂತ ಸುಲಭ. ರಾತ್ರಿ ಊಟ ಆದ ಮೇಲೆ ನಾನು ಪಿಡಿಎಫ್ ನೋಡಿ ಜೋರಾಗಿ ಓದುತ್ತೇನೆ. ಮಾವ ದಪ್ಪ ಅಕ್ಷರದ ಪಠ್ಯದ ಮೇಲೆ ಬೆರಳಿಟ್ಟುಕೊಂಡು "ನಿಲ್ಲು, ಇಲ್ಲಿ ಒಂಬತ್ತು ಬಂದಿದೆ" ಅನ್ನುತ್ತಾರೆ. ನಿನ್ನೆಗೆ 31 ಪುಟ ಆಯಿತು. ಬೋರ್ಡೋ ದ್ರಾವಣದ ಪುಟವನ್ನು ಮೊದಲೇ ತಿದ್ದಿ ಮುಗಿಸಿದ್ದೇವೆ.